ದಕ್ಷಿಣ ಆಫ್ರಿಕಾದ ಅಪರೂಪದ ಗೆಡ್ಡೆ ಹೂಗಳ ಬೀಜ: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಹೇಳುತ್ತಿರುವುದು ಯಾವ ಗಿಡಗಳ ವಿಷಯ? ನಮ್ಮ ಕಡೆ ಇವು ಈಗಾಗಲೇ ಇವೆಯೇ?

ಕೆಲವು ಇವೆ. ಮದುವೆ ಮಂಟಪಗಳಲ್ಲಿ ಕಾಣುವ ಗ್ಲಾಡಿಯೋಲಸ್ ತಳಿಗಳು ಬಹುಮಟ್ಟಿಗೆ ದಕ್ಷಿಣ ಆಫ್ರಿಕಾದ ಕಾಡು ಜಾತಿಗಳ ಸಂಕರದಿಂದ ಹುಟ್ಟಿದವು. ಏಪ್ರಿಲ್, ಮೇ ತಿಂಗಳ ಮೊದಲ ಮಳೆ ಬಿದ್ದೊಡನೆ ತೀರ್ಥಹಳ್ಳಿ, ಹೊಸನಗರ, ಸಾಗರದ ಅಂಗಳಗಳಲ್ಲಿ ದುಂಡಗೆ ಕೆಂಪಗೆ ಅರಳುವ, ನಾವು ಮೇ ಫ್ಲವರ್ ಎಂದೋ ಫುಟ್‌ಬಾಲ್ ಲಿಲ್ಲಿ ಎಂದೋ ಕರೆಯುವ ಸ್ಕ್ಯಾಡಾಕ್ಸಸ್ ಮಲ್ಟಿಫ್ಲೋರಸ್ ಕೂಡ ಆಫ್ರಿಕಾದ್ದೇ. ಅಗ್ನಿಶಿಖೆಯಂತೂ ಎರಡೂ ಖಂಡಗಳಿಗೆ ಸಹಜವಾದ ಗಿಡ. ಅದು ನಮ್ಮ ಬೇಲಿಯಲ್ಲಿ ಹಬ್ಬುವಂತೆಯೇ ದಕ್ಷಿಣ ಆಫ್ರಿಕಾದ ಪೂರ್ವ ಕರಾವಳಿಯಲ್ಲಿಯೂ ಹಬ್ಬುತ್ತದೆ.

ಇವುಗಳಾಚೆಗೆ ನಮ್ಮಲ್ಲಿ ವಿರಳವಾಗಿರುವ ದೊಡ್ಡ ಬಳಗವೊಂದಿದೆ. ಕ್ಲೈವಿಯಾ, ಹೀಮ್ಯಾಂಥಸ್, ಸಿರ್ಟಾಂಥಸ್, ನೆರೈನ್, ಬ್ರನ್ಸ್‌ವಿಜಿಯಾ ಮತ್ತು ಆಫ್ರಿಕಾದ ಕ್ರೈನಮ್‌ಗಳು ಒಂದು ಕುಟುಂಬದವು. ಫ್ರೀಸಿಯಾ, ಇಕ್ಸಿಯಾ, ಸ್ಪರಾಕ್ಸಿಸ್, ಬಾಬಿಯಾನಾ, ವಾಟ್ಸೋನಿಯಾ, ಮೊರಿಯಾಗಳು ಗ್ಲಾಡಿಯೋಲಸ್‌ನ ಬಂಧುಗಳು. ಲ್ಯಾಕೆನೇಲಿಯಾ, ವೆಲ್ತೈಮಿಯಾ, ಯೂಕೊಮಿಸ್, ಮ್ಯಾಸೋನಿಯಾಗಳದು ಮೂರನೆಯ ಗುಂಪು. ಕ್ಲೈವಿಯಾಕ್ಕೆ ನಿಜವಾದ ಗೆಡ್ಡೆ ಇಲ್ಲ, ದಪ್ಪನೆಯ ಬೇರು ಮತ್ತು ಕುಳ್ಳು ಕಾಂಡವಷ್ಟೇ ಇದೆ. ಆದರೂ ಗೆಡ್ಡೆ ಬೆಳೆಸುವವರೆಲ್ಲರೂ ಅದನ್ನು ತಮ್ಮ ಬಳಗದಲ್ಲಿಯೇ ಇಟ್ಟುಕೊಂಡಿದ್ದಾರೆ.

ಗೆಡ್ಡೆಯನ್ನೇ ತರಿಸಿಕೊಂಡರೆ ಬೇಗ ಹೂ ಬರುತ್ತದಲ್ಲ, ಬೀಜದ ಕಷ್ಟ ಏಕೆ?

ಬೇಗ ಹೂ ಬರುತ್ತದೆ ಎಂಬುದು ನಿಜ. ಆದರೆ ಗೆಡ್ಡೆಯ ಜೊತೆಗೆ ವೈರಸ್, ಹಿಟ್ಟುತಿಗಣೆ, ಬೇರು ಜಂತುಗಳೂ ಬರಬಹುದು. ಗೆಡ್ಡೆ ಹೂಗಳನ್ನು ಕಾಡುವ ವೈರಸ್‌ಗಳಲ್ಲಿ ಹೆಚ್ಚಿನವು ಬೀಜದ ಮೂಲಕ ದಾಟುವುದಿಲ್ಲ. ಬೀಜದಿಂದ ಎದ್ದ ಸಸಿ ಮೊದಲ ಎಲೆಯಿಂದಲೇ ನಮ್ಮ ಗಾಳಿಗೂ ತೇವಕ್ಕೂ ಒಗ್ಗಿಕೊಂಡು ಬೆಳೆಯುತ್ತದೆ. ಒಂದೊಂದು ಬೀಜದ ಗಿಡವೂ ಬೇರೆಬೇರೆಯಾಗಿರುವುದರಿಂದ ಹತ್ತು ಸಸಿಗಳಲ್ಲಿ ನಮ್ಮ ಮಳೆಯನ್ನು ತಡೆದುಕೊಳ್ಳುವ ಒಂದೆರಡನ್ನು ಆರಿಸಿಕೊಂಡು ಅವುಗಳಿಂದಲೇ ಮುಂದಿನ ಬೀಜ ಪಡೆಯಬಹುದು. ಒಂದೇ ಗೆಡ್ಡೆಯನ್ನು ಒಡೆದು ಮಾಡಿದ ಗಿಡಗಳಲ್ಲಿ ಈ ಆಯ್ಕೆಗೆ ಅವಕಾಶವಿಲ್ಲ.

ನನಗೆ ಇನ್ನೂ ಮುಖ್ಯವೆನಿಸುವ ಕಾರಣ ಬೇರೆಯದು. ದಕ್ಷಿಣ ಆಫ್ರಿಕಾದಲ್ಲಿ ಕಾಡಿನ ಗೆಡ್ಡೆಗಳ ಕಳ್ಳತನ ದೊಡ್ಡ ಸಮಸ್ಯೆಯಾಗಿದೆ. 2002ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಕ್ಲೈವಿಯಾ ಮಿರಾಬಿಲಿಸ್ ಉತ್ತರ ಕೇಪ್ ಪ್ರಾಂತ್ಯದ ಊರ್ಲಾಗ್ಸ್‌ಕ್ಲೂಫ್ ಕಣಿವೆಯ ಆಸುಪಾಸಿನಲ್ಲಿ ಮಾತ್ರ ಬೆಳೆಯುವ ಗಿಡ. ಅದನ್ನೂ ಬುಡಸಮೇತ ಕಿತ್ತು ಮಾರುವವರಿದ್ದಾರೆ. ಬೆಳೆಸಿದ ಗಿಡದ ಬೀಜವನ್ನು ಹಂಚಿಕೊಂಡರೆ ಯಾವ ಕಾಡೂ ಬರಿದಾಗುವುದಿಲ್ಲ.

ಬೀಜ ಕೈಗೆ ಬಂದಾಗ ಮೊದಲು ತಿಳಿಯಬೇಕಾದದ್ದು ಏನು?

ಆ ಗಿಡ ತನ್ನ ನಾಡಿನಲ್ಲಿ ಯಾವ ಕಾಲದ ಮಳೆಗೆ ಬೆಳೆಯುತ್ತದೆ ಎಂಬುದನ್ನು ತಿಳಿಯಬೇಕು. ಮಣ್ಣು, ಗೊಬ್ಬರ, ನೆರಳು ಎಲ್ಲವೂ ಇದರ ನಂತರದ ಮಾತು. ಬಿತ್ತನೆ ಕೆಟ್ಟಿತೆಂದು ಕೇಳಿಬರುವ ದೂರುಗಳಲ್ಲಿ ಹೆಚ್ಚಿನವುಗಳ ಬೇರು ಇಲ್ಲೇ ಇರುತ್ತದೆ.

ದಕ್ಷಿಣ ಆಫ್ರಿಕಾದಲ್ಲಿ ಎರಡು ಬಗೆಯ ಮಳೆ ನಾಡುಗಳಿವೆ. ನೈಋತ್ಯ ಮೂಲೆಯ ಕೇಪ್ ಪ್ರದೇಶದಲ್ಲಿ, ಅಂದರೆ ಕೇಪ್ ಟೌನ್, ನಮಾಕ್ವಾಲ್ಯಾಂಡ್ ಮತ್ತು ಗೆಡ್ಡೆ ಹೂಗಳ ರಾಜಧಾನಿ ಎಂದೇ ಹೆಸರಾದ ನಿಯುವೌಟ್‌ವಿಲ್ ಊರಿನ ಕಡೆ, ಮಳೆ ಬೀಳುವುದು ಚಳಿಗಾಲದಲ್ಲಿ. ಅಲ್ಲಿನ ಗೆಡ್ಡೆಗಳು ಮೊದಲ ಚಳಿಮಳೆಗೆ ಚಿಗುರಿ, ಚಳಿಯಲ್ಲಿ ಬೆಳೆದು, ಹೆಚ್ಚಿನವು ವಸಂತದಲ್ಲಿ ಹೂಬಿಟ್ಟು, ಬಿಸಿಯಾದ ಒಣ ಬೇಸಿಗೆಯಲ್ಲಿ ಎಲೆ ಒಣಗಿಸಿಕೊಂಡು ನೆಲದೊಳಗೆ ಮಲಗುತ್ತವೆ. ಫ್ರೀಸಿಯಾ, ಸ್ಪರಾಕ್ಸಿಸ್, ಬಾಬಿಯಾನಾ, ಹೆಚ್ಚಿನ ಲ್ಯಾಕೆನೇಲಿಯಾಗಳು ಈ ಗುಂಪಿನವು. ಪೂರ್ವ ಭಾಗದ ಕ್ವಾಝುಲು-ನಟಾಲ್, ಡ್ರಾಕೆನ್ಸ್‌ಬರ್ಗ್ ಬೆಟ್ಟಗಳು ಮತ್ತು ಪೂರ್ವ ಕೇಪ್‌ನ ಬಹುಭಾಗದಲ್ಲಿ ನಮ್ಮಂತೆ ಬೆಚ್ಚಗಿನ ಕಾಲದಲ್ಲಿ ಮಳೆ ಬಂದು ಚಳಿಗಾಲ ಒಣಗಿರುತ್ತದೆ. ಯೂಕೊಮಿಸ್, ಡಿಯೆರಾಮಾ, ಅನೇಕ ಕ್ರೈನಮ್‌ಗಳು ಅಲ್ಲಿಯವು. ಕ್ಲೈವಿಯಾ ಮಿನಿಯಾಟಾ, ಹೀಮ್ಯಾಂಥಸ್ ಆಲ್ಬಿಫ್ಲೋಸ್‌ನಂತಹವು ಪೂರ್ವದ ಕಾಡಿನ ನೆರಳಿನಲ್ಲಿ ವರ್ಷವಿಡೀ ಹಸಿರಾಗಿರುತ್ತವೆ.

ಒಂದೇ ಕುಲದಲ್ಲಿ ಎರಡೂ ಬಗೆಯವು ಇರುತ್ತವೆ ಎಂಬುದನ್ನು ಮರೆಯಬಾರದು. ಗ್ಲಾಡಿಯೋಲಸ್ ಡಾಲೆನಿಯೈ ಬೇಸಿಗೆ ಮಳೆಯದು, ಗ್ಲಾಡಿಯೋಲಸ್ ಟ್ರಿಸ್ಟಿಸ್ ಚಳಿಮಳೆಯದು. ಆದ್ದರಿಂದ ಬೀಜದ ಪೊಟ್ಟಣದ ಮೇಲೆ ಬರೀ ಕುಲದ ಹೆಸರಿದ್ದರೆ ಸಾಲದು, ಜಾತಿಯ ಹೆಸರೂ ಬೇಕು.

ಆಗುಂಬೆಯಂತಹ ಮಳೆಯಲ್ಲಿ ಇವು ಬದುಕುತ್ತವೆಯೇ?

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಕೇಪ್ ಟೌನ್ ನಗರದಲ್ಲಿ ಸುಮಾರು 500 ಮಿ.ಮೀ. ಮಾತ್ರ. ಹೀಗಿದ್ದೂ ಬದುಕಿಸಬಹುದು, ಆದರೆ ಎರಡು ಗುಂಪುಗಳಿಗೆ ಎರಡು ಕ್ರಮ ಬೇಕು.

ಬೇಸಿಗೆ ಮಳೆಯ ಗೆಡ್ಡೆಗಳಿಗೆ ಮುಂಗಾರು ಬೆಳೆಯುವ ಕಾಲವೇ ಆಗಿರುವುದರಿಂದ ಅವುಗಳಿಗೆ ಬೇಕಾದದ್ದು ನೀರು ನಿಲ್ಲದ ಜಾಗ ಮಾತ್ರ. ಧರೆಯ ಅಂಚು, ಏರುಮಡಿ, ಜಂಬಿಟ್ಟಿಗೆ ಕಟ್ಟೆಯ ಮೇಲ್ಭಾಗ ಇವಕ್ಕೆ ಒಳ್ಳೆಯದು. ಯೂಕೊಮಿಸ್ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯನ್ನು ಸಾಕಷ್ಟು ತಡೆಯುತ್ತದೆ. ಕ್ರೈನಮ್ ಬಲ್ಬಿಸ್ಪರ್ಮಮ್ ತನ್ನ ನಾಡಿನಲ್ಲಿಯೂ ಹೊಳೆಯಂಚು, ಜೌಗು ನೆಲದ ಗಿಡ.

ಚಳಿಮಳೆಯ ಗೆಡ್ಡೆಗಳ ಕಥೆ ತಲೆಕೆಳಗು. ಅವು ಮಲಗಿರಬೇಕಾದ ಕಾಲದಲ್ಲಿ ನಮ್ಮಲ್ಲಿ ಮಳೆ ಸುರಿಯುತ್ತದೆ, ಬೆಳೆಯಬೇಕಾದ ಕಾಲದಲ್ಲಿ ಮಳೆ ನಿಂತಿರುತ್ತದೆ. ಡೇರೆ ಗೆಡ್ಡೆಯನ್ನು ಮಳೆಗಾಲ ಕಳೆದ ಮೇಲೆ ಎತ್ತಿಟ್ಟು ಮುಂದಿನ ಮಳೆಗೆ ಊರುವುದು ಮಲೆನಾಡಿನ ಮನೆಮನೆಯಲ್ಲಿ ತಿಳಿದ ಕೆಲಸ. ಅದೇ ಕೆಲಸವನ್ನು ಇಲ್ಲಿ ಕಾಲ ಬದಲಿಸಿ ಮಾಡಬೇಕು: ನವೆಂಬರ್‌ನಲ್ಲಿ ಊರಿ, ಮಾರ್ಚ್, ಏಪ್ರಿಲ್‌ನಲ್ಲಿ ಎಲೆ ಹಳದಿಯಾದಾಗ ನೀರು ನಿಲ್ಲಿಸಿ, ಮುಂಗಾರಿಗೆ ಮುಂಚೆ ಕುಂಡಸಮೇತ ಒಳಗೆ ಒಯ್ಯಬೇಕು. ಹಳೆಯ ಮನೆಗಳಲ್ಲಿ ಅಡುಗೆ ಒಲೆಯ ಮೇಲಿರುವ ಅಟ್ಟ ಇದಕ್ಕೆ ಹೇಳಿ ಮಾಡಿಸಿದ ಜಾಗ. ಈ ಗೆಡ್ಡೆಗಳು ತಮ್ಮ ನಾಡಿನಲ್ಲಿ ಬೇಸಿಗೆ ಕಳೆಯುವುದು ಬಿಸಿಯಾದ ಒಣ ನೆಲದಲ್ಲಿ. ಸುತ್ತಲೂ ಗೋಡೆ ಬೆವರುವ ಆಷಾಢ, ಶ್ರಾವಣಗಳಲ್ಲಿ ಬೆಚ್ಚಗೆ ಒಣಗಿ ಇರುವ ಜಾಗ ನಮ್ಮ ಮನೆಗಳಲ್ಲಿ ಅಟ್ಟ ಒಂದೇ. ಇಲಿಯ ಕಾಟವಿದ್ದರೆ ಕುಂಡದ ಬಾಯಿಗೆ ತಂತಿಬಲೆ ಕಟ್ಟಿರಿ.

ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಶಿವಮೊಗ್ಗ ನಗರ, ಭದ್ರಾವತಿಯಂತಹ ತಗ್ಗಿನ, ಬಿಸಿಲು ಹೆಚ್ಚಿರುವ ಕಡೆ ಚಳಿಮಳೆಯ ಜಾತಿಗಳಿಗೆ ಸಾಕಷ್ಟು ತಂಪಾದ ರಾತ್ರಿಗಳು ಸಿಗುವುದು ಡಿಸೆಂಬರ್, ಜನವರಿಯ ಕೆಲವು ವಾರಗಳು ಮಾತ್ರ. ಅಲ್ಲಿಯವರು ಬೇಸಿಗೆ ಮಳೆಯ ಜಾತಿಗಳನ್ನು ಮತ್ತು ನೆರಳಿನ ನಿತ್ಯಹಸಿರು ಜಾತಿಗಳನ್ನು ಆರಿಸಿಕೊಳ್ಳುವುದು ಉಚಿತ. ಕೆಮ್ಮಣ್ಣುಗುಂಡಿ, ಬಾಬಾಬುಡನ್‌ಗಿರಿಯ ಎತ್ತರದ ಊರುಗಳವರಿಗೆ ಎರಡೂ ಸಾಧ್ಯ.

ಕೆಲವು ಬೀಜ ಬಟಾಣಿಯಷ್ಟು ದಪ್ಪ, ಹಸಿಯಾಗಿರುತ್ತವೆ. ಕೆಲವು ಒಣಗಿ ಕಪ್ಪಗಿರುತ್ತವೆ. ಎರಡನ್ನೂ ಒಂದೇ ರೀತಿ ಬಿತ್ತಬಹುದೇ?

ಬಿತ್ತಬಾರದು. ಕ್ಲೈವಿಯಾ, ಹೀಮ್ಯಾಂಥಸ್, ಸ್ಕ್ಯಾಡಾಕ್ಸಸ್, ನೆರೈನ್, ಕ್ರೈನಮ್, ಬ್ರನ್ಸ್‌ವಿಜಿಯಾ, ಬೂಫೋನೆಗಳದು ತಿರುಳು ತುಂಬಿದ ಹಸಿ ಬೀಜ. ಇವು ಒಣಗಿದರೆ ಸಾಯುತ್ತವೆ, ಕೂಡಿಟ್ಟುಕೊಳ್ಳಲು ಬರುವುದಿಲ್ಲ. ಬ್ರನ್ಸ್‌ವಿಜಿಯಾ, ನೆರೈನ್, ಕ್ರೈನಮ್ ಬೀಜಗಳು ಮಣ್ಣನ್ನೂ ನೀರನ್ನೂ ಕಾಯದೆ ಪೊಟ್ಟಣದೊಳಗೇ ಮೊಳೆಯುವುದುಂಟು. ಅವುಗಳ ಮೊದಲ ಬೇರಿಗೆ ಬೇಕಾದ ತೇವ ಬೀಜದಲ್ಲಿಯೇ ಇರುತ್ತದೆ. ಇಂತಹ ಬೀಜ ಬಂದ ದಿನವೇ ಮಣ್ಣಿನ ಮೇಲ್ಮೈಯಲ್ಲಿ ಅರ್ಧ ಹುದುಗುವಂತೆ ಒತ್ತಿಡಬೇಕು. ಪೂರ್ತಿ ಹೂತರೆ ಕೊಳೆಯುವ ಸಂಭವ ಹೆಚ್ಚು. ಬೇರು ಹೊರಟ ಬೀಜವಾದರೆ ಸಣ್ಣ ಕುಳಿ ಮಾಡಿ ಬೇರಿನ ತುದಿಯನ್ನು ಅದರೊಳಗೆ ಇಳಿಸಿ.

ಲ್ಯಾಕೆನೇಲಿಯಾ, ಫ್ರೀಸಿಯಾ, ಗ್ಲಾಡಿಯೋಲಸ್, ಇಕ್ಸಿಯಾ, ಯೂಕೊಮಿಸ್‌ಗಳದು ಒಣ ಬೀಜ. ತಂಪಾದ ಒಣ ಜಾಗದಲ್ಲಿಟ್ಟರೆ ಇವುಗಳಲ್ಲಿ ಹೆಚ್ಚಿನವು ಕೆಲವು ವರ್ಷ ಜೀವ ಹಿಡಿದುಕೊಂಡಿರುತ್ತವೆ. ಅವುಗಳ ಕಾಲ ಬರುವವರೆಗೆ ಕಾದು ಬಿತ್ತಬೇಕು. ಲ್ಯಾಕೆನೇಲಿಯಾ ಬೀಜವನ್ನು ಆತುರಪಟ್ಟು ಜುಲೈನಲ್ಲಿ ಬಿತ್ತುವುದರಿಂದ ಬೀಜ ನಷ್ಟವೇ ಹೊರತು ಲಾಭವಿಲ್ಲ. ಸೂಕ್ಷ್ಮ ಬೀಜದ ಮೇಲೆ ತೆಳುವಾಗಿ ಮರಳು ಉದುರಿಸಿದರೆ ಸಾಕು.

ಸಿರ್ಟಾಂಥಸ್ ಇವೆರಡರ ನಡುವಿನದು. ಅದರ ಬೀಜ ಕಪ್ಪಗೆ, ಚಪ್ಪಟೆಯಾಗಿ, ಹಾಳೆಯಷ್ಟು ತೆಳ್ಳಗೆ ಒಣಗಿರುತ್ತದೆ, ಆದರೆ ಹೆಚ್ಚು ಕಾಲ ತಾಳುವುದಿಲ್ಲ.

ಸಿರ್ಟಾಂಥಸ್ ಬೀಜವನ್ನು ನೀರಿನ ಮೇಲೆ ತೇಲಿಸಿ ಮೊಳೆಸುತ್ತಾರಂತೆ, ಹೌದೇ?

ಹೌದು, ತೆಳ್ಳನೆಯ ಚಪ್ಪಟೆ ಬೀಜಗಳಿಗೆ ಅದು ಸುಲಭವಾದ ವಿಧಾನ. ಅಗಲ ಬಾಯಿಯ ಲೋಟದಲ್ಲಿ ಶುದ್ಧ ನೀರು ಹಾಕಿ ಬೀಜಗಳನ್ನು ಒಂದಕ್ಕೊಂದು ತಾಗದಂತೆ ತೇಲಬಿಟ್ಟು ನೆರಳಿನ ಬೆಳಕಿನಲ್ಲಿಡಿ. ನೀರು ಕದಡಿದರೆ ಬದಲಿಸಿ. ಎರಡು ಮೂರು ವಾರಗಳಲ್ಲಿ ಬೇರಿಳಿದು ಪುಟ್ಟ ಗೆಡ್ಡೆಯ ಆಕಾರ ಕಾಣತೊಡಗುತ್ತದೆ. ಆಗ ಕಡ್ಡಿಯಿಂದ ಎತ್ತಿ ಮಣ್ಣಿಗೆ ಸಾಗಿಸಬೇಕು. ಯಾವ ಬೀಜಕ್ಕೆ ಜೀವವಿದೆ ಎಂದು ಕಣ್ಣಿಗೆ ಕಾಣುವುದು ಈ ವಿಧಾನದ ದೊಡ್ಡ ಅನುಕೂಲ. ತಿರುಳು ಬೀಜಗಳಿಗೆ ಇದನ್ನು ಮಾಡಬೇಡಿ.

ಕ್ಲೈವಿಯಾ ಬೀಜ ಸಿಕ್ಕಿದೆ. ಅಡಿಕೆ ತೋಟದಲ್ಲಿ ಬೆಳೆಯಬಹುದೇ?

ಮಲೆನಾಡಿಗೆ ಒಂದೇ ಒಂದು ಗಿಡವನ್ನು ಆರಿಸಿಕೊಳ್ಳಿ ಎಂದರೆ ನಾನು ಕ್ಲೈವಿಯಾ ಮಿನಿಯಾಟಾವನ್ನೇ ಆರಿಸುತ್ತೇನೆ. ಮರಗಳ ಕೆಳಗಿನ ಚದುರು ನೆರಳು, ಎಲೆ ಕೊಳೆತ ಸಡಿಲ ಮಣ್ಣು, ಸ್ವಲ್ಪ ಇಳಿಜಾರು, ಇವು ಅದರ ತವರಿನ ಕಾಡಿನಲ್ಲಿರುವುವು, ನಮ್ಮ ಹಿತ್ತಲಿನಲ್ಲಿಯೂ ಇರುವುವು.

ಹಣ್ಣು ಸಿಕ್ಕಿದ್ದರೆ ಸಿಪ್ಪೆ ಮತ್ತು ತಿರುಳನ್ನು ಬಿಡಿಸಿ, ಬೀಜಕ್ಕೆ ಅಂಟಿರುವ ತೆಳುಪೊರೆಯನ್ನೂ ಉಜ್ಜಿ ತೆಗೆದು ತೊಳೆಯಬೇಕು. ಪೊರೆ ಉಳಿದರೆ ಬೂಷ್ಟು ಹಿಡಿಯುತ್ತದೆ. ಬೀಜದ ಮೇಲೆ ಚುಕ್ಕೆಯಂತಹ ಕಣ್ಣೊಂದಿರುತ್ತದೆ. ಬೇರು ಹೊರಡುವುದು ಅಲ್ಲಿಂದ. ಅದು ಪಕ್ಕಕ್ಕೋ ಕೆಳಕ್ಕೋ ಇರುವಂತೆ ಬೀಜವನ್ನು ಮಣ್ಣಿನ ಮೇಲೆ ಒತ್ತಿಡಿ. 20ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನಾಲ್ಕರಿಂದ ಆರು ವಾರಗಳಲ್ಲಿ ಬೇರು ಕಾಣುತ್ತದೆ, ಎಲೆ ಅದಾದ ಕೆಲವು ವಾರಗಳಿಗೆ. ಬೇರು ಮಣ್ಣಿಗಿಳಿಯದೆ ಬೀಜವನ್ನೇ ಮೇಲಕ್ಕೆತ್ತಿದರೆ ಬೆರಳಿನಿಂದ ಮಣ್ಣು ಸರಿಸಿ ಬೇರನ್ನು ಒಳಗೆ ಕೂರಿಸಿ.

ಸಸಿಯ ಬುಡವನ್ನು ಗಮನಿಸುವುದು ಒಂದು ಸೊಗಸಾದ ಕೆಲಸ. ಬುಡದಲ್ಲಿ ಕೆನ್ನೇರಳೆ ಬಣ್ಣವಿದ್ದರೆ ಆ ಗಿಡ ಮುಂದೆ ಕಿತ್ತಳೆ ಬಣ್ಣದ ಹೂ ಬಿಡುತ್ತದೆ. ಬುಡ ಪೂರ್ತಿ ಹಸಿರಾಗಿದ್ದರೆ ಸಾಮಾನ್ಯವಾಗಿ ಅದು ಹಳದಿ ಹೂವಿನದು. ಹೂವಿಗೆ ವರ್ಷಗಟ್ಟಲೆ ಮುಂಚೆಯೇ ಇದು ತಿಳಿಯುವುದರಿಂದ ಹಂಚುವಾಗ ಯಾರಿಗೆ ಯಾವುದು ಎಂದು ನಿರ್ಧರಿಸಬಹುದು.

ತೋಟದಲ್ಲಿ ನೆಡುವಾಗ ಎರಡು ಎಚ್ಚರಿಕೆ. ಅಡಿಕೆ ಮರದಿಂದ ಧಾರೆಯಾಗಿ ನೀರು ಸುರಿಯುವ ಜಾಗದಲ್ಲಿ ಎಲೆಗಳ ನಡುವೆ ನೀರು ನಿಂತು ಸುಳಿ ಕೊಳೆಯುತ್ತದೆ. ಬೀಳುವ ಸೋಗೆಯೂ ಗಿಡವನ್ನು ಮುರಿಯುತ್ತದೆ. ತೋಟದ ಅಂಚಿನ ಧರೆಯೋ ಮಾಡಿನ ಕೆಳಗಿನ ಜಗಲಿಯ ಬದಿಯೋ ಮೇಲು. ಇನ್ನು, ಚಳಿಗಾಲದಲ್ಲಿ ಕೆಲವು ವಾರ ತಂಪು ಮತ್ತು ಕಡಿಮೆ ನೀರು ಸಿಗದಿದ್ದರೆ ಹೂದಂಟು ಉದ್ದವಾಗದೆ ಎಲೆಗಳ ನಡುವೆಯೇ ಸಿಕ್ಕಿಕೊಳ್ಳುತ್ತದೆ. ಡಿಸೆಂಬರ್, ಜನವರಿಯಲ್ಲಿ ನೀರು ಕಡಿಮೆ ಮಾಡಿ, ಇಬ್ಬನಿ ಬೀಳುವ ತಂಪು ಜಾಗದಲ್ಲಿಡಿ.

ಮಣ್ಣು ಹೇಗಿರಬೇಕು?

ನೀರು ನಿಲ್ಲಬಾರದು, ಗೊಬ್ಬರ ಹೆಚ್ಚಾಗಬಾರದು. ಕೇಪ್ ಪ್ರದೇಶದ ಹೆಚ್ಚಿನ ಗೆಡ್ಡೆಗಳು ಸಾರವಿಲ್ಲದ ಮರಳುನೆಲದಲ್ಲಿ ವಿಕಾಸಗೊಂಡವು. ನಮ್ಮ ಜಂಬಿಟ್ಟಿಗೆಯ ಕೆಂಪು ಮಣ್ಣು ಹುಳಿ ಗುಣದ್ದಾಗಿರುವುದು ಅವುಗಳಿಗೆ ಅಡ್ಡಿಯಲ್ಲ, ಆದರೆ ಕುಂಡದಲ್ಲಿ ಅದು ಗಟ್ಟಿಯಾಗುತ್ತದೆ. ಎರಡು ಪಾಲು ತೊಳೆದ ದಪ್ಪ ಮರಳು, ಒಂದು ಪಾಲು ಜರಡಿ ಹಿಡಿದ ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಎಲೆಗೊಬ್ಬರ, ಇದು ಚಳಿಮಳೆಯ ಜಾತಿಗಳಿಗೆ ಸಾಕು. ಬೇಸಿಗೆ ಮಳೆಯವಕ್ಕೂ ಕ್ಲೈವಿಯಾಕ್ಕೂ ಎಲೆಗೊಬ್ಬರವನ್ನು ಇಮ್ಮಡಿ ಮಾಡಿ, ಇಟ್ಟಿಗೆ ಚೂರನ್ನೋ ತೆಂಗಿನ ಸಿಪ್ಪೆಯ ತುಂಡನ್ನೋ ಬೆರೆಸಿ. ಹಸಿ ಸಗಣಿಗೊಬ್ಬರವನ್ನು ಯಾವುದಕ್ಕೂ ಹಾಕಬೇಡಿ. ಕುಂಡ ಆಳವಾಗಿರಲಿ, ಈ ಕುಲಗಳಲ್ಲಿ ಅನೇಕವು ವರ್ಷದಿಂದ ವರ್ಷಕ್ಕೆ ತಮ್ಮ ಗೆಡ್ಡೆಯನ್ನು ಬೇರಿನಿಂದಲೇ ಕೆಳಕ್ಕೆ ಎಳೆದುಕೊಳ್ಳುತ್ತವೆ.

ಬೀಜಕ್ಕೆ ಹೊಗೆ ಕೊಡಬೇಕು ಎನ್ನುತ್ತಾರೆ. ಅದು ನಿಜವೇ?

ಎಲ್ಲಕ್ಕೂ ಬೇಡ. ಕೇಪ್‌ನ ಕುರುಚಲು ಕಾಡು ಹಲವು ವರ್ಷಗಳಿಗೊಮ್ಮೆ ಬೆಂಕಿಗೆ ಉರಿದು ಮತ್ತೆ ಚಿಗುರುವಂತಹದು. ಅಲ್ಲಿನ ಕೆಲವು ಬೀಜಗಳು ಹೊಗೆಯ ಸುಳಿವು ಸಿಕ್ಕರೆ ಮಾತ್ರ ಮೊಳೆಯುತ್ತವೆ ಎಂಬುದನ್ನು ಕಿರ್ಸ್ಟನ್‌ಬಾಷ್ ಸಸ್ಯೋದ್ಯಾನದ ಸಂಶೋಧಕರು 1990ರಲ್ಲಿ ಪ್ರಕಟಿಸಿದರು. ಹೊಗೆಯಲ್ಲಿ ಈ ಕೆಲಸ ಮಾಡುವ ಮುಖ್ಯ ರಾಸಾಯನಿಕವನ್ನು ಗುರುತಿಸಿದ್ದು 2004ರಲ್ಲಿ. ಸಿರ್ಟಾಂಥಸ್ ವೆಂಟ್ರಿಕೋಸಸ್ ಎಂಬ ಬೆಂಕಿ ಲಿಲ್ಲಿಯಂತೂ ಕಾಡು ಉರಿದು ಎರಡು ವಾರ ಕಳೆಯುವುದರೊಳಗೆ ಬೂದಿಯ ನಡುವಿನಿಂದ ಹೂವೆತ್ತುತ್ತದೆ.

ಕ್ಲೈವಿಯಾ, ಯೂಕೊಮಿಸ್, ಲ್ಯಾಕೆನೇಲಿಯಾ, ಫ್ರೀಸಿಯಾಗಳಿಗೆ ಹೊಗೆಯ ಅಗತ್ಯವಿಲ್ಲ. ಮೊಂಡು ಹಿಡಿದ ಕೇಪ್ ಬೀಜಗಳಿಗೆ ಪ್ರಯತ್ನಿಸುವುದಾದರೆ, ಬಿತ್ತಿದ ತಟ್ಟೆಗಳನ್ನು ಮುಚ್ಚಿದ ಡ್ರಮ್ಮಿನಲ್ಲಿಟ್ಟು, ಒಣಹುಲ್ಲಿನ ಜೊತೆ ಸ್ವಲ್ಪ ಹಸಿ ಸೊಪ್ಪು ಉರಿಸಿದ ಹೊಗೆಯನ್ನು ಕೊಳವೆಯಿಂದ ಆರಿಸಿ ಸುಮಾರು ಒಂದು ಗಂಟೆ ಹಾಯಿಸಿ. ಬಿಸಿ ಹೊಗೆ ಬೀಜವನ್ನು ಬೇಯಿಸುತ್ತದೆ. ಪ್ಲಾಸ್ಟಿಕ್, ಬಣ್ಣ ಬಳಿದ ಮರ ಬೆಂಕಿಗೆ ಬೀಳದಿರಲಿ.

ದಕ್ಷಿಣ ಗೋಳಾರ್ಧದ ಬೀಜಕ್ಕೆ ತಿಂಗಳ ಲೆಕ್ಕ ಹೇಗೆ?

ಅಲ್ಲಿ ಚಳಿಗಾಲವೆಂದರೆ ಜೂನ್‌ನಿಂದ ಆಗಸ್ಟ್. ಪುಸ್ತಕಗಳಲ್ಲಿ ಕೇಪ್ ಬೀಜವನ್ನು ಏಪ್ರಿಲ್‌ನಲ್ಲಿ ಬಿತ್ತಿ ಎಂದಿದ್ದರೆ ಅದು ಅಲ್ಲಿಯ ಶರತ್ಕಾಲ. ಆರು ತಿಂಗಳು ಕೂಡಿಸಿ, ನಮ್ಮ ಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವೆ ಬಿತ್ತಬೇಕು. ದೀಪಾವಳಿ ಕಳೆದು ರಾತ್ರಿ ಹೊದಿಕೆ ಬೇಕೆನಿಸುವಾಗ ಚಳಿಮಳೆಯ ಬೀಜಗಳ ಕಾಲ ಬಂತೆಂದು ತಿಳಿಯಿರಿ. ಹಗಲಿಗೂ ರಾತ್ರಿಗೂ ಇರುವ ಉಷ್ಣತೆಯ ಅಂತರವೂ ಈ ಬೀಜಗಳನ್ನು ಎಬ್ಬಿಸುತ್ತದೆ. ಬೇಸಿಗೆ ಮಳೆಯ ಬೀಜಗಳನ್ನು ಮಾರ್ಚ್, ಏಪ್ರಿಲ್‌ನಲ್ಲಿ ಬಿತ್ತಿದರೆ ಜೂನ್ ಹೊತ್ತಿಗೆ ಸಸಿ ನಿಲ್ಲುವಷ್ಟಾಗಿರುತ್ತದೆ.

ಒಣ ಬೀಜದ ವಿಷಯದಲ್ಲಿ ಈ ಲೆಕ್ಕ ಸಲೀಸು. ಕೇಪ್‌ನಲ್ಲಿ ವಸಂತದ ಹೂಗಳ ಬೀಜ ಬಲಿಯುವುದು ಅಕ್ಟೋಬರ್, ನವೆಂಬರ್‌ನಲ್ಲಿ. ಬೇಗ ತಲುಪಿದರೆ ಅದೇ ಚಳಿಗಾಲಕ್ಕೆ, ಇಲ್ಲವಾದರೆ ಮುಂದಿನ ವರ್ಷಕ್ಕೆ ಇಟ್ಟು ಬಿತ್ತಬಹುದು. ತೊಡಕಿರುವುದು ಬ್ರನ್ಸ್‌ವಿಜಿಯಾ, ಹೀಮ್ಯಾಂಥಸ್ ಕೊಕ್ಸಿನಿಯಸ್, ನೆರೈನ್ ಸಾರ್ನಿಯೆನ್ಸಿಸ್‌ನಂತಹ, ಅಲ್ಲಿಯ ಶರತ್ಕಾಲದಲ್ಲಿ ಹೂಬಿಡುವ ಜಾತಿಗಳಲ್ಲಿ. ಅವುಗಳ ಹಸಿ ಬೀಜ ಬಲಿತು ನಮಗೆ ತಲುಪುವ ಹೊತ್ತಿಗೆ ಮುಂಗಾರು ಹಿಡಿದಿರುತ್ತದೆ, ಬೀಜವಂತೂ ಕಾಯುವುದಿಲ್ಲ. ಇಂತಹವನ್ನು ಮಳೆ ತಾಗದ, ಗಾಳಿಯಾಡುವ, ಬೆಳಕಿರುವ ಜಗಲಿಯಲ್ಲಿ ಬರೀ ಮರಳಿನಲ್ಲಿ ಮೊಳೆಸಿ, ಎಲೆ ಇರುವಷ್ಟು ಕಾಲವೂ ಸಣ್ಣಗೆ ತೇವವಿಟ್ಟು, ಒಂದೆರಡು ವರ್ಷಗಳಲ್ಲಿ ನಿಧಾನವಾಗಿ ನಮ್ಮ ಕಾಲಕ್ಕೆ ತಿರುಗಿಸಬೇಕಾಗುತ್ತದೆ. ಮೊದಲ ವರ್ಷ ಎಲೆಯನ್ನು ಬಲವಂತವಾಗಿ ಒಣಗಿಸಬಾರದು. ಉತ್ತರ ಗೋಳಾರ್ಧದಲ್ಲಿಯೇ ಬೆಳೆದ ಗಿಡದ ಬೀಜ ಸಿಕ್ಕರೆ ಈ ತೊಂದರೆಯೇ ಇಲ್ಲ. ನಮ್ಮೊಳಗೆ ಬೀಜ ಹಂಚಿಕೊಳ್ಳುವುದರ ಬೆಲೆ ಇಲ್ಲಿ ತಿಳಿಯುತ್ತದೆ.

ಹೂ ನೋಡಲು ಎಷ್ಟು ವರ್ಷ ಕಾಯಬೇಕು?

ಫ್ರೀಸಿಯಾ ಚೆನ್ನಾಗಿ ಬೆಳೆದರೆ ಒಂದೆರಡು ವರ್ಷ. ಲ್ಯಾಕೆನೇಲಿಯಾ ಮತ್ತು ಕಾಡು ಗ್ಲಾಡಿಯೋಲಸ್‌ಗಳಿಗೆ ಎರಡು ಮೂರು ವರ್ಷ, ಕ್ಲೈವಿಯಾಕ್ಕೆ ಮೂರರಿಂದ ಐದು. ಬ್ರನ್ಸ್‌ವಿಜಿಯಾ, ಬೂಫೋನೆಗಳಿಗೆ ಹತ್ತು ವರ್ಷವೂ ಸಾಲದಿರಬಹುದು. ಅವುಗಳ ಬೀಜ ಕೇಳುವವರು ಇದನ್ನು ತಿಳಿದೇ ಕೇಳಬೇಕೆಂಬುದು ನನ್ನ ವಿನಂತಿ.

ಸಸಿಗಳನ್ನು ಏನೇನು ತಿನ್ನುತ್ತದೆ?

ಬಾಬಿಯಾನಾದ ಹೆಸರು ಬಂದದ್ದೇ ಬಬೂನ್ ಮಂಗಗಳು ಅದರ ಗೆಡ್ಡೆಯನ್ನು ಅಗೆದು ತಿನ್ನುವುದರಿಂದ. ನಮ್ಮಲ್ಲಿ ಆ ಕೆಲಸಕ್ಕೆ ಮುಳ್ಳುಹಂದಿ, ಕಾಡುಹಂದಿ, ಹೆಗ್ಗಣಗಳಿವೆ. ಗ್ಲಾಡಿಯೋಲಸ್ ಬಳಗದ ಗೆಡ್ಡೆಗಳು ಅವಕ್ಕೆ ರುಚಿಯಾದವು, ನೆಲದಲ್ಲಿ ಊರುವುದಾದರೆ ತಂತಿಬಲೆಯ ಬುಟ್ಟಿಯೊಳಗೆ ಊರಿ.

ಮಳೆಗಾಲದಲ್ಲಿ ಬಸವನಹುಳುಗಳು ಒಂದೇ ರಾತ್ರಿಯಲ್ಲಿ ಮೊಳಕೆಯ ಸಾಲನ್ನು ಮುಗಿಸುತ್ತವೆ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹೆಕ್ಕುವುದಕ್ಕಿಂತ ಖಚಿತವಾದ ಉಪಾಯವಿಲ್ಲ. ಕ್ರೈನಮ್, ಕ್ಲೈವಿಯಾ, ಅಗ್ನಿಶಿಖೆಗಳ ಎಲೆಯ ಮೇಲೆ ಕಪ್ಪು ಮೈಗೆ ಬಿಳಿ, ಕೆಂಪು ಚುಕ್ಕೆಗಳಿರುವ ಹುಳುಗಳು ಗುಂಪಾಗಿ ಕಂಡರೆ ಅದು ಲಿಲ್ಲಿ ಪತಂಗದ ಮರಿ. ಮೊದಲ ದಿನವೇ ಆರಿಸಿ ತೆಗೆಯದಿದ್ದರೆ ಅವು ಸುಳಿಯೊಳಗೆ ಇಳಿಯುತ್ತವೆ. ಎಲೆಬುಡದಲ್ಲಿ ಸೇರುವ ಹಿಟ್ಟುತಿಗಣೆಗೆ ಬೇವಿನೆಣ್ಣೆ ಮತ್ತು ಸಾಬೂನಿನ ನೀರು ಸಾಕು. ಎಳೆಸಸಿಗಳು ಬುಡ ಕೊಳೆತು ಮಲಗುವುದಕ್ಕೆ ಮೊದಲ ಮದ್ದು ಗಾಳಿ ಮತ್ತು ವಿರಳ ಬಿತ್ತನೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನು ಅದೇ ಹದದಲ್ಲಿ ಎಳೆಸಸಿಗೆ ಎರಚಬೇಡಿ, ಎಲೆ ಸುಡುತ್ತದೆ.

ನಮ್ಮ ಗಿಡದಲ್ಲಿ ಹೂವಾಗುತ್ತದೆ, ಬೀಜ ಕಟ್ಟುವುದಿಲ್ಲ. ಏನು ಮಾಡಬೇಕು?

ಈ ಹೂಗಳು ತಮ್ಮ ನಾಡಿನಲ್ಲಿ ನಿರ್ದಿಷ್ಟ ಅತಿಥಿಗಳನ್ನು ನೆಚ್ಚಿಕೊಂಡಿವೆ. ತಲೆಬಾಗಿದ ಕೊಳವೆ ಹೂಗಳ ಕ್ಲೈವಿಯಾ ಜಾತಿಗಳಿಗೆ ಸೂರಕ್ಕಿಗಳು, ಬಾಯ್ತೆರೆದ ಮಿನಿಯಾಟಾಕ್ಕೆ ದೊಡ್ಡ ಚಿಟ್ಟೆಗಳು ಪರಾಗ ಸಾಗಿಸುತ್ತವೆ. ನೆಲಕ್ಕಂಟಿ ಅರಳುವ ಮ್ಯಾಸೋನಿಯಾ ಡಿಪ್ರೆಸ್ಸಾ ಹೂವಿಗೆ ರಾತ್ರಿ ಬರುವ ಇಲಿಗಳು ಪರಾಗಸ್ಪರ್ಶ ಮಾಡುತ್ತವೆ. ನಮ್ಮಲ್ಲಿ ಸೂರಕ್ಕಿಗಳು ಧಾರಾಳವಾಗಿದ್ದರೂ ಅವುಗಳನ್ನೇ ನಂಬದೆ ಮೃದುವಾದ ಕುಂಚದಿಂದ ನೀವೇ ಪರಾಗ ಸಾಗಿಸಿ. ಹೆಚ್ಚಿನ ಜಾತಿಗಳಲ್ಲಿ ತನ್ನದೇ ಪರಾಗಕ್ಕೆ ಬೀಜ ಕಟ್ಟುವುದು ಕಡಿಮೆ. ಬೀಜದಿಂದ ಬಂದ ಎರಡು ಬೇರೆ ಗಿಡಗಳು ಬೇಕು. ಒಂದೇ ಗೆಡ್ಡೆಯಿಂದ ಒಡೆದ ಎರಡು ಗಿಡಗಳು ಈ ಲೆಕ್ಕದಲ್ಲಿ ಒಂದೇ ಗಿಡ. ಮಳೆ ಬೀಳುವಾಗ ಅರಳಿದ ಹೂವಿನ ಪರಾಗ ನೆನೆದು ಕೆಡುವುದರಿಂದ ಕುಂಡವನ್ನು ಮಾಡಿನ ಕೆಳಗೆ ತನ್ನಿ. ಕ್ಲೈವಿಯಾದ ಹಣ್ಣು ಬಲಿಯಲು ಒಂಬತ್ತು ತಿಂಗಳಿಂದ ಒಂದು ವರ್ಷ ಬೇಕು. ಬಣ್ಣ ಪೂರ್ತಿ ತಿರುಗುವವರೆಗೆ ಕೀಳಬೇಡಿ.

ಬೀಜ ಹಂಚುವಾಗ ಹೇಗೆ ಕಟ್ಟಬೇಕು, ಏನು ಬರೆಯಬೇಕು?

ಒಣ ಬೀಜವನ್ನು ನೆರಳಿನಲ್ಲಿ ಚೆನ್ನಾಗಿ ಒಣಗಿಸಿ ಕಾಗದದ ಪೊಟ್ಟಣದಲ್ಲಿ ಕಟ್ಟಿ. ಮಳೆಗಾಲದಲ್ಲಿ ಕೂಡಿಡುವುದಾದರೆ ಆ ಪೊಟ್ಟಣಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಹುರಿದು ಆರಿಸಿದ ಅಕ್ಕಿಯ ಗಂಟಿನ ಜೊತೆ ಇಟ್ಟು ಫ್ರಿಡ್ಜಿನ ಕೆಳಭಾಗದಲ್ಲಿಡಿ. ಹಸಿ ಬೀಜವನ್ನು ತೊಳೆದು ಮೇಲ್ಮೈ ಆರಿಸಿ, ಹಿಂಡಿದರೆ ನೀರು ಬಾರದಷ್ಟೇ ತೇವವಿರುವ ತೆಂಗಿನ ನಾರಿನ ಪುಡಿಯಲ್ಲಿ ಸುತ್ತಿ, ಸಣ್ಣ ತೂತಿರುವ ಚೀಲದಲ್ಲಿ ಹಾಕಿ, ಗಟ್ಟಿ ಪೆಟ್ಟಿಗೆಯಲ್ಲಿ ಕಳುಹಿಸಿ. ಬರೀ ಲಕೋಟೆಯಲ್ಲಿ ಹಾಕಿದರೆ ಅಂಚೆಯ ಮೊಹರಿನ ಏಟಿಗೆ ಜಜ್ಜಿಹೋಗುತ್ತವೆ. ವಾರದ ಆರಂಭದಲ್ಲಿ ಕಳುಹಿಸಿದರೆ ಭಾನುವಾರದ ರಜೆಯಲ್ಲಿ ದಾರಿಯಲ್ಲಿ ಉಳಿಯುವುದಿಲ್ಲ.

ಚೀಟಿಯಲ್ಲಿ ಜಾತಿಯ ಹೆಸರು, ಬೀಜ ಕೊಯ್ದ ತಿಂಗಳು ಮತ್ತು ವರ್ಷ, ಬೆಳೆದ ಊರು, ತಾಯಿಗಿಡದ ಬೀಜ ಎಲ್ಲಿಂದ ಬಂದದ್ದು, ಕೈಯಿಂದ ಪರಾಗ ಸಾಗಿಸಿದ್ದೋ ತಾನಾಗಿ ಕಟ್ಟಿದ್ದೋ, ಇಷ್ಟು ಇರಲೇಬೇಕು. ಬೇರೆ ಜಾತಿ ಪಕ್ಕದಲ್ಲಿಯೇ ಹೂಬಿಟ್ಟಿದ್ದರೆ ಸಂಕರವಾಗಿರಬಹುದೆಂದು ಬರೆಯಿರಿ. ಹೆಸರು ಖಚಿತವಿಲ್ಲದಿದ್ದರೆ ಖಚಿತವಿಲ್ಲವೆಂದೇ ಬರೆಯಿರಿ. ಊಹೆಯ ಹೆಸರೊಂದು ಚೀಟಿಯಿಂದ ಚೀಟಿಗೆ ದಾಟಿ ಹತ್ತು ಮನೆಗಳಲ್ಲಿ ನಿಜವಾಗಿ ಕುಳಿತುಬಿಡುತ್ತದೆ, ಅದನ್ನು ಆಮೇಲೆ ಯಾರೂ ತಿದ್ದಲಾರರು. ಬಾಲ್‌ಪೆನ್ನಿಗಿಂತ ಸೀಸದ ಕಡ್ಡಿಯ ಬರಹ ತೇವಕ್ಕೆ ಹೆಚ್ಚು ಬಾಳುತ್ತದೆ.

ವಿದೇಶದಿಂದ ಗೆಳೆಯರು ಲಕೋಟೆಯಲ್ಲಿ ಬೀಜ ಕಳುಹಿಸಬಹುದೇ?

ಹಾಗೆ ಕಳುಹಿಸುವುದು ಕಾನೂನಿಗೆ ವಿರುದ್ಧ. ಭಾರತದ 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ಬಿತ್ತನೆಯ ಬೀಜ ತರಿಸಲು ಮುಂಚಿತವಾಗಿ ಆಮದು ಪರವಾನಗಿ ಪಡೆಯಬೇಕು, ಕಳುಹಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಜೊತೆಗಿರಬೇಕು. ಅಡಿಕೆ, ಕಾಳುಮೆಣಸು, ಏಲಕ್ಕಿಯ ರೋಗಗಳಿಂದ ನೊಂದ ನಾಡಿನವರಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ. ತರಿಸುವಾಗ ಬೆಳೆಸಿದ ಗಿಡದ ಬೀಜವೇ ಎಂದು ಕೇಳಿ ತಿಳಿದುಕೊಳ್ಳಿ. ದೇಶದೊಳಗೆ ಈಗಾಗಲೇ ಬೆಳೆಯುತ್ತಿರುವ ಗಿಡಗಳ ಬೀಜವನ್ನು ನಮ್ಮ ನಮ್ಮೊಳಗೆ ಹಂಚಿಕೊಳ್ಳುವುದೇ ಹೊಸಬರಿಗೆ ಸುಲಭವಾದ ದಾರಿ.

ಇವು ಲಂಟಾನದಂತೆ ಹಬ್ಬಿ ಕಾಡಿಗೆ ಕಂಟಕವಾಗುವುದಿಲ್ಲವೇ?

ಈ ಭಯ ಸರಿಯಾದದ್ದೇ. ಲಂಟಾನ, ಯುಪಟೋರಿಯಂಗಳು ನಮ್ಮ ಗುಡ್ಡಗಳಿಗೆ ಮಾಡಿದ್ದನ್ನು ನೋಡಿದ ಮೇಲೂ ಈ ಪ್ರಶ್ನೆ ಕೇಳದಿದ್ದರೆ ತಪ್ಪಾಗುತ್ತದೆ. ವಾಟ್ಸೋನಿಯಾ ಮತ್ತು ಬಿಳಿ ಕ್ಯಾಲಾ ಲಿಲ್ಲಿ ಆಸ್ಟ್ರೇಲಿಯಾದಲ್ಲಿ, ಕ್ರೊಕೊಸ್ಮಿಯಾ ಬ್ರಿಟನ್ ಮತ್ತು ನ್ಯೂಜಿಲೆಂಡಿನಲ್ಲಿ, ಆಕ್ಸಾಲಿಸ್ ಪೆಸ್-ಕಾಪ್ರೆ ಮೆಡಿಟರೇನಿಯನ್ ದೇಶಗಳಲ್ಲಿ ಕಳೆಗಳಾಗಿವೆ. ಇವುಗಳಲ್ಲಿ ಹೆಚ್ಚಿನವು ಬೀಜಕ್ಕಿಂತ ಮರಿಗೆಡ್ಡೆಗಳಿಂದ ಹಬ್ಬುತ್ತವೆ. ಎಲೆಯ ಬುಡದಲ್ಲಿ ಅಥವಾ ದಂಟಿನಲ್ಲಿ ಮರಿಗೆಡ್ಡೆ ಬಿಡುವ ಯಾವ ಗಿಡವನ್ನೂ ಕುಂಡದಿಂದ ಹೊರಗೆ ನೆಡಬೇಡಿ, ಕಸವನ್ನು ಹಳ್ಳಕ್ಕೆ ಎಸೆಯಬೇಡಿ. ದೇವರಕಾಡು, ಹೊಳೆಯಂಚು, ಗುಡ್ಡದ ಹುಲ್ಲುಗಾವಲುಗಳಲ್ಲಿ ಹೊರನಾಡಿನ ಯಾವ ಗೆಡ್ಡೆಯನ್ನೂ ಊರಬಾರದು. ಅಲ್ಲಿ ನಮ್ಮದೇ ಕಾಡು ಗೆಡ್ಡೆ ಹೂಗಳಿವೆ.

ದನಕರು, ಮಕ್ಕಳು ಇರುವ ಮನೆಯಲ್ಲಿ ಬೆಳೆಸಬಹುದೇ?

ಎಚ್ಚರದಿಂದ ಬೆಳೆಸಬಹುದು. ಕ್ಲೈವಿಯಾದ ಬಳಗದ ಗಿಡಗಳಲ್ಲಿ ಲೈಕೋರಿನ್‌ನಂತಹ ವಿಷಗಳಿವೆ. ಬೂಫೋನೆಯ ಗೆಡ್ಡೆಯನ್ನು ದಕ್ಷಿಣ ಆಫ್ರಿಕಾದಲ್ಲಿ ಬಾಣಕ್ಕೆ ಸವರುವ ವಿಷವಾಗಿ ಬಳಸುತ್ತಿದ್ದರು. ಅಗ್ನಿಶಿಖೆಯ ಗೆಡ್ಡೆಯೂ ಪ್ರಾಣಾಪಾಯಕರ. ಬೀಜ ಬಿಡಿಸಿದ ಮೇಲೆ ಕೈ ತೊಳೆಯಿರಿ, ಎಲೆ ಸವರಿದ ಕಸವನ್ನು ಕೊಟ್ಟಿಗೆಯ ಸೊಪ್ಪಿನೊಂದಿಗೆ ಸೇರಿಸಬೇಡಿ, ಕ್ಲೈವಿಯಾದ ಕೆಂಪು ಹಣ್ಣು ಮಕ್ಕಳ ಕೈಗೆ ಎಟುಕದಿರಲಿ.

ಯಾವುದರಿಂದ ಆರಂಭಿಸುವುದು ಒಳ್ಳೆಯದು?

ನೆರಳಿನ ಜಾಗವಿದ್ದರೆ ಕ್ಲೈವಿಯಾ ಮಿನಿಯಾಟಾ ಮತ್ತು ಹೀಮ್ಯಾಂಥಸ್ ಆಲ್ಬಿಫ್ಲೋಸ್. ಬಿಸಿಲು ಬೀಳುವ ಧರೆ ಇದ್ದರೆ ಯೂಕೊಮಿಸ್. ಮಳೆ ತಾಗದ ಜಗಲಿಯೂ ಒಂದು ಅಟ್ಟವೂ ಇರುವವರು ಎರಡನೆಯ ವರ್ಷದಲ್ಲಿ ಲ್ಯಾಕೆನೇಲಿಯಾಕ್ಕೆ ಕೈಹಾಕಬಹುದು. ಅದರಲ್ಲಿ ನೂರಕ್ಕೂ ಹೆಚ್ಚು ಜಾತಿಗಳಿವೆ, ಕುಂಡ ಚಿಕ್ಕದು ಸಾಕು. ಬಂದ ಬೀಜವನ್ನೆಲ್ಲ ಒಂದೇ ದಿನ, ಒಂದೇ ಕುಂಡದಲ್ಲಿ ಬಿತ್ತಬೇಡಿ. ಒಣ ಬೀಜವಾದರೆ ಅರ್ಧವನ್ನು ಮುಂದಿನ ವರ್ಷಕ್ಕಿಡಿ. ಹಸಿ ಬೀಜವಾದರೆ ಕೆಲವನ್ನು ಪಕ್ಕದೂರಿನ ಇನ್ನೊಬ್ಬರಿಗೆ ಅದೇ ವಾರ ಕೊಟ್ಟುಬಿಡಿ. ನಿಮ್ಮ ಕುಂಡದಲ್ಲಿ ಕೊಳೆತರೂ ಅವರ ಕಡೆ ಒಂದೆರಡು ಉಳಿದಿರುತ್ತವೆ, ಮುಂದೆ ಬೀಜ ಕಟ್ಟಿಸಲು ಬೇಕಾಗುವ ಎರಡನೆಯ ಗಿಡವೂ ಅಲ್ಲಿಂದಲೇ ಸಿಗುತ್ತದೆ.